ಗಾದೆಪ್ಪನ ಪದ್ಮಾಸನ

ಎಲ್ಲದಕ್ಕೂ ಮೂಲ ಒಂದು ಕಟ್ಟು ವೀಳ್ಯದೆಲೆ. ಅದನ್ನು ಹಿಂದಿನ ದಿನವೇ ತಂದಿಟ್ಟಿದ್ದರೆ ಸಿರುಗುಪ್ಪದ ಗಾದೆಪ್ಪ ಅಂದು ಬೆಳಿಗ್ಗೆ ಬಜಾರಿಗೆ ಹೋಗುತ್ತಿರಲಿಲ್ಲ, ಲೋಕಶಾಂತಿಯ ಕೈಗೆ ಸಿಕ್ಕಿಬೀಳುತ್ತಲೂ ಇರಲಿಲ್ಲ.

ಅಂದು ಅವನನ್ನು ನೋಡಲು ಹೆಣ್ಣಿನ ತಂದೆ ಬರುವವನಿದ್ದ. ಕುರುಗೋಡಿನ ಅನುಕೂಲಸ್ಥ ರೈತ, ಉಚ್ಚೆಂಗೆಪ್ಪ ಅಂತ ಹೆಸರು. ಗಾದೆಪ್ಪನಾಗಲಿ ಅವನ ತಾಯಿ ಜಡೆಮ್ಮನಾಗಲಿ ಆತನ ಮುಖ ಕಂಡವರಲ್ಲ. ಮಾತೆಲ್ಲ ಸೋದರಮಾವನ ಮೂಲಕ ನಡೆದಿತ್ತು. ಹುಡುಗ ಒಪ್ಪಿಗೆಯಾದರೆ ಇದೇ ತಿಂಗಳು ಮದುವೆ. ಹತ್ತಿ ಮಿಲ್ಲಿನಲ್ಲಿ ತಕ್ಕಡಿ ಹಿಡಿಯುವ ಗಾದೆಪ್ಪನಿಗೆ ಮೂವತ್ತು ದಾಟಿತ್ತು. ತಪ್ಪಿಹೋದ ಸಂಬಂಧಗಳನ್ನು ಎಣಿಸುವುದನ್ನೇ ಜಡೆಮ್ಮ ಬಿಟ್ಟಿದ್ದಳು. ಹೆಣ್ಣಿನ ಹೆಸರು ಜಂಬಮ್ಮ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಆ ಹೆಸರನ್ನೇ ತಲೆದಿಂಬಿನ ಕೆಳಗಿಟ್ಟುಕೊಂಡು ಎಷ್ಟೋ ದಿನದಿಂದ ಮಲಗುತ್ತಿದ್ದ.

"ಮಧ್ಯಾಹ್ನದ ಬಸ್ಸಿಗೆ ಬರ್ತಾರ. ಎಲಿ ತಗಂಡು ಸೀದಾ ಮನಿಗೆ ಬಾ. ದಾರ್ಯಾಗ ಯಾರ ಕೂಡನೂ ನಿಂದ್ರಬ್ಯಾಡ," ಎಂದು ತಾಯಿ ಹೇಳಿಯೇ ಕಳಿಸಿದ್ದಳು.

ಗಾದೆಪ್ಪ ನಿಲ್ಲಲಿಲ್ಲ. ಅವನನ್ನು ಕೂರಿಸಿದರು.

ಎರಡನೇ ಮಹಾಯುದ್ಧ ಮುಗಿದು ವರ್ಷವಾಗುತ್ತ ಬಂದಿದ್ದರೂ ರೇಷನ್ ಮುಗಿದಿರಲಿಲ್ಲ. ಲೋಕಕ್ಕೆ ಶಾಂತಿಯಾಗಲಿ, ಊರಿನ ಗಂಜಿಕೇಂದ್ರಕ್ಕೆ ನಾಲ್ಕು ಕಾಳೂ ಕೂಡಲಿ ಎಂದು ಪೆನ್ಷನ್ ಮೇಷ್ಟ್ರು ಕೊಟ್ಟೂರಪ್ಪನವರು ಸಂತೆ ಬಯಲಿನಲ್ಲಿ ಸಾಮೂಹಿಕ ಯೋಗಾಸನ ಏರ್ಪಡಿಸಿದ್ದರು. ಗಾದೆಪ್ಪನ ಗೋಡೆಗೆ ಗೋಡೆ ಹಚ್ಚಿದ ಮನೆಯವರು ಅವರು. ಮುಂದಿನ ಸಾಲಿನಲ್ಲಿ ಖಾಲಿ ಉಳಿದ ಒಂದು ಚಾಪೆ ಅವರಿಗೆ ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಎಲೆಯ ಕಟ್ಟು ಹಿಡಿದು ಗೋಡೆ ಸವರಿಕೊಂಡು ಹೋಗುತ್ತಿದ್ದವನ ರಟ್ಟೆ ಹಿಡಿದರು. ಹೆಣ್ಣಿನವರು ಬರುತ್ತಾರೆ ಎಂದು ಅವನು ಗೋಗರೆದರೆ, ಲೋಕವೇ ಹೊತ್ತಿ ಉರಿದ ಮೇಲೆ ಹೆಣ್ಣೆಲ್ಲಿ ಗಂಡೆಲ್ಲಿ ಎಂದು ಕೇಳಿದರು. ಕೇಳುತ್ತಲೇ ಅವನನ್ನು ಆ ಖಾಲಿ ಚಾಪೆಯ ಮೇಲೆ ಕೂರಿಸಿದರು.

ಬಳ್ಳಾರಿಯಿಂದ ಬಂದಿದ್ದ ಯೋಗಾಚಾರ್ಯರು ಅವನ ಬಲಗಾಲನ್ನು ಎಡತೊಡೆಯ ಮೇಲಿಟ್ಟರು. ಎಡಗಾಲನ್ನು ಬಲತೊಡೆಗೆ ಹತ್ತಿಸಲು ತಮ್ಮ ಮೊಣಕಾಲೂರಿ ಒತ್ತಿದರು. ಎಲ್ಲೋ ಏನೋ ಲಟಕ್ಕೆಂದಿತು. ಭೇಷ್ ಎಂದು ಬೆನ್ನು ತಟ್ಟಿ, ಉಳಿದವರಿಗೂ ನಾಲ್ಕು ಮಾತು ಹೇಳಿ, ಅವರು ಬಳ್ಳಾರಿ ಬಸ್ಸು ಹತ್ತಿ ಹೋಗಿಯೇಬಿಟ್ಟರು. ಕಾಲು ಹಾಕುವುದನ್ನು ಕಲಿಸಿದ ಪುಣ್ಯಾತ್ಮರು ತೆಗೆಯುವುದನ್ನು ಕಲಿಸಲಿಲ್ಲ.

ಆ ಹೊತ್ತಿಗೆ ರಾರಾವಿ ಕಡೆಯಿಂದ ಜೋಳದ ಚೀಲ ಹೇರಿದ ಎರಡು ಬಂಡಿಗಳು ಬಂದವು, ಜೊತೆಗೆ ಗಿರಿಜಾ ಮೀಸೆಯ ಒಬ್ಬ ಧಣಿ. ಕೊಟ್ಟೂರಪ್ಪನವರು ಬಂಡಿಗೆ ಅಡ್ಡ ನಿಂತು, ರಾರಾವಿ ಧಣಿಗಳು ಬಂದರು ಎಂದು ಸಾರಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ವೇದಿಕೆ ಹತ್ತಿಸಿದರು. ಹಾರ ಬಿದ್ದದ್ದೇ ತಡ, ಧಣಿಯ ನಾಲಿಗೆ ಅವನ ಕೈ ಮೀರಿತು.

"ಈ ಸಭಾದಾಗ ಒಬ್ಬನರ ಕುಂತಿರೋತನಕ ನನ್ನ ಸೇರು ನಿಂದ್ರಂಗಿಲ್ಲ. ಅಳೀರಿ ಗಂಜಿಗೆ," ಎಂದುಬಿಟ್ಟ.

ಸಿರುಗುಪ್ಪದ ಜನ ಎಲೆ ಅಡಿಕೆ ಜಗಿಯುವಷ್ಟು ಹೊತ್ತೂ ಒಂದು ಕಡೆ ಕೂರುವವರಲ್ಲ ಎಂಬ ಧೈರ್ಯ ಅವನಿಗಿದ್ದಿರಬೇಕು. ಅದು ತಪ್ಪೂ ಅಲ್ಲ. ಒಬ್ಬನಿಗೆ ಎಮ್ಮೆ ನೆನಪಾಯಿತು, ಇನ್ನೊಬ್ಬನಿಗೆ ಕೋರ್ಟಿನ ವಾಯಿದೆ ನೆನಪಾಯಿತು, ಮತ್ತೊಬ್ಬನನ್ನು ಹೆಂಡತಿ ಕೂಗಿದಳು. ನೋಡನೋಡುತ್ತ ಚಾಪೆಗಳೆಲ್ಲ ಖಾಲಿ. ಗಾದೆಪ್ಪನೊಬ್ಬ ಉಳಿದ, ಕತೆಯೊಳಗೆ ಶಾಪ ತಗಲಿ ಕಲ್ಲಾದ ರಾಜಕುಮಾರನ ಹಾಗೆ.

ಅವನೂ ಏಳಲು ನೋಡಿದ. ಸೊಂಟದಿಂದ ಮೇಲೆ ಎದ್ದಿತು, ಕೆಳಗಿನದು ಒಪ್ಪಲಿಲ್ಲ.

"ಮೇಷ್ಟ್ರೇ, ಕಾಲು ಸಿಕ್ಕಿ ಹಾಕ್ಕಂಡಾವ. ಬಿಡಸ್ರಿ," ಎಂದು ಪಿಸುಗುಟ್ಟಿದ.

"ಸುಮ್ನಿರಪಾ. ಈಗಷ್ಟ ಇನ್ನೊಂದು ಚೀಲ ಬಿಚ್ಯಾರ."

ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಶುಭವಾಗಲೆಂದು "ಲಾಭ" ಎನ್ನುತ್ತಾರೆ. ಹೊಸ ಚೀಲ ಬಿಚ್ಚಿದಾಗಲೆಲ್ಲ "ಲಾಭಾ" ಎಂದು ರಾಗ ಕೇಳುತ್ತಿತ್ತು. ಯಾರಿಗೆ ಲಾಭ ಎಂದು ಗಾದೆಪ್ಪ ಹಲ್ಲು ಕಡಿದ.

ಗಂಜಿಯ ಒಲೆ ಉರಿಸುತ್ತಿದ್ದ ಅವನ ಓಣಿಯ ಪಾರಮ್ಮ ಸೌಟು ಹಿಡಿದೇ ಬಂದಳು. ಕುಂತ ಹಾಗೆಯೇ ಎತ್ತಿ ಮನೆಗಾದರೂ ಮುಟ್ಟಿಸು ತಾಯಿ ಎಂದು ಅವಳಿಗೂ ಕೈ ಮುಗಿದ.

"ನೀ ಎದ್ರ ಅಳಿಯಾದು ನಿಂದ್ರತೈತಿ. ಆ ಕೂಸುಗಳ ಕಡಿ ಒಂದೀಟು ನೋಡು, ಆಮ್ಯಾಲ ಏಳಾಕ ಮನಸ ಬಂದ್ರ ಏಳು."

ನೋಡಿದ. ತಟ್ಟೆ ಹಿಡಿದ ಮಕ್ಕಳು ಸಾಲಾಗಿ ನಿಂತಿದ್ದವು. ಎಲ್ಲರ ಕಣ್ಣೂ ಅವನ ಮೊಣಕಾಲಿನ ಮೇಲೆ. ಗಾದೆಪ್ಪ ಮುಗಿದ ಕೈಗಳನ್ನು ಬಿಡಿಸಿ ಮೊಣಕಾಲ ಮೇಲೆ ಇಟ್ಟುಕೊಂಡ.

ಬಿಸಿಲು ಏರಿತು. ಯಾರೋ ಕೊಡೆ ಹಿಡಿದರು, ಯಾರೋ ಹಣೆಗೆ ವಿಭೂತಿ ಬಳಿದು ತಲೆಗೆ ಹೂವು ಏರಿಸಿದರು. ನೋವಿಗೆ ಕಣ್ಣೀರಿಳಿದರೆ ಆನಂದಬಾಷ್ಪ ಎಂದರು. ನರಳಿದರೆ ಓಂಕಾರ ಎಂದರು. ಅವನ ವೀಳ್ಯದೆಲೆಯನ್ನು ಬಿಚ್ಚಿ ಅವನದೇ ಪ್ರಸಾದವೆಂದು ಹಂಚಿದರು. ವೇದಿಕೆಯ ಮೇಲಿನ ಧಣಿಯಂತೂ ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತ, ಎರಡೂ ಕೈ ಜೋಡಿಸಿ ಏನೋ ಮಣಮಣ ಅನ್ನುತ್ತಿದ್ದ. ಎಂಥ ಭಕ್ತಿಯಪ್ಪಾ ಇವನದು ಎಂದು ಗಾದೆಪ್ಪನಿಗೆ ಮೈಯೆಲ್ಲ ಉರಿಯಿತು.

ತೆಕ್ಕಲಕೋಟೆಯ ಮೇಲೆ ಬರುವ ಮಧ್ಯಾಹ್ನದ ಬಸ್ಸು ಹಾರನ್ ಹೊಡೆದು, ನಿಂತು, ಹೊರಟೂ ಹೋಯಿತು. ಸ್ವಲ್ಪ ಹೊತ್ತಿಗೆ ಜಡೆಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಬಸ್ಸಿನಿಂದ ಯಾರೂ ಇಳಿದಿರಲಿಲ್ಲ. ಮಗನ ವಿಭೂತಿ, ಹೂವು, ಕೊಡೆ ಎಲ್ಲ ನೋಡಿ ಹಣೆ ಚಚ್ಚಿಕೊಂಡಳು.

"ಲೇ, ಎಲಿ ತಗಂಡು ಬಾ ಅಂದ್ರ ನೀ ಸನ್ಯಾಸ ತಗಂಡಿಯೇನಲೇ? ಇದನ್ನ ಕೇಳೇ ಅವರು ಅರ್ಧ ದಾರ್ಯಾಗ ತಿರುಗಿರಬೇಕು."

ಅಷ್ಟರಲ್ಲಿ ಕೊನೆಯ ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು. ಕೂಡಲೇ ಪಾರಮ್ಮ ಓಡಿಬಂದು ಅವನ ಕಣಕಾಲಿಗೆ ಕುಸುಬಿ ಎಣ್ಣೆ ಸವರಿ ಎಳೆದಳು. ಕಾಲುಗಳು ಎಷ್ಟು ಸಲೀಸಾಗಿ ಬಿಟ್ಟವೆಂದರೆ ಗಾದೆಪ್ಪನಿಗೆ ಅಳು ಬಂತು. ಎತ್ತಿ ನಿಲ್ಲಿಸಿದರು. ಜೋಮು ಹಿಡಿದ ಕಾಲು ನಿಲ್ಲಲೊಲ್ಲದೆ, ವೇದಿಕೆಯಿಂದ ಇಳಿಯುತ್ತಿದ್ದ ಧಣಿಯ ಪಾದದ ಮೇಲೇ ಹೋಗಿ ಬಿದ್ದ.

"ಈಗರ ಎದ್ದೆಲ್ಲಪಾ," ಎಂದು ಧಣಿ ಕಾಲು ಹಿಂದಕ್ಕೆಳೆದುಕೊಂಡು ಮೇಷ್ಟ್ರ ಕಡೆ ತಿರುಗಿದ. "ಇಲ್ಲಿ ಹತ್ತಿ ಮಿಲ್ಲಿನ ಗಾದೆಪ್ಪನ ಮನಿ ಯಾವ ಓಣ್ಯಾಗ ಬರತೈತ್ರಿ? ನಾ ಕುರುಗೋಡಿನ ಉಚ್ಚೆಂಗೆಪ್ಪ. ರಾರಾವ್ಯಾಗ ನನ್ನ ಹೊಲ ಐತಿ. ಮಗಳ ಮದುವಿಗಂತ ಜ್ವಾಳ ಒಯ್ಯತಿದ್ದೆ, ಹಂಗ ವರನ್ನೂ ನೋಡಿ ಹೋದ್ರಾತಂತ ಈ ದಾರಿ ಹಿಡಿದೆ."

ಬೆಳಗಿನಿಂದ ಯಾವ ಆಸನಕ್ಕೂ ಒಲಿಯದಿದ್ದ ಮೌನ ಬಯಲಿಗೆ ಆಗ ಬಂತು.

"ನಾನ ರೀ," ಎಂದ ಗಾದೆಪ್ಪ, ನೆಲದಿಂದಲೇ.

ಉಚ್ಚೆಂಗೆಪ್ಪ ಅವನನ್ನು ನೋಡಿದ, ಖಾಲಿ ಚೀಲಗಳನ್ನು ನೋಡಿದ, ಕುದಿಯುವ ಹಂಡೆಯನ್ನು ನೋಡಿದ. ಆ ಜೋಳ ಸಾಗಿಸುವ ಪರ್ಮಿಟ್ಟಿಗಾಗಿ ಬಳ್ಳಾರಿಯ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದನ್ನು ಹೇಳಿದ. ಇವನು ಎದ್ದರೆ ಸಾಕೆಂದು ವೇದಿಕೆಯ ಮೇಲೆ ತಾನು ಮನೆದೇವರಿಗೆ ಹರಕೆ ಹೊತ್ತದ್ದನ್ನೂ ಹೇಳಿದ.

"ನಿನ್ನ ಮದುವಿ ಜ್ವಾಳ ನೀನ ಕುಂತು ಕರಗಿಸಿದೆಲ್ಲಪಾ. ಈ ರೇಷನ್ನಿನ್ಯಾಗ ಬೀಗರಿಗೆ ನಾ ಏನು ಉಣಿಸಲಿ? ಊಟ ಬ್ಯಾಡನ್ನೋ ವರ ಬ್ಯಾರೆ ಕಡಿ ಸಿಕ್ರ ಅವಂಗ ಹುಡುಗಿನ್ನ ಕೊಟ್ಟುಬಿಡತೀನಿ."

ಖಾಲಿ ಬಂಡಿಗಳು ಗಡಗಡಿಸುತ್ತ ಕುರುಗೋಡಿನ ದಾರಿ ಹಿಡಿದವು. ಜಡೆಮ್ಮ ಮನೆ ಕಡೆ ಹೊರಟಳು. ಲೋಕಕ್ಕೆ ಎಷ್ಟೋ ಶಾಂತಿಯಾಯಿತು ನೋಡು ಎಂದು ಕೊಟ್ಟೂರಪ್ಪನವರು ಗಾದೆಪ್ಪನ ಭುಜ ಒತ್ತಿದರು.

ಊರೆಲ್ಲ ಸಾಲಾಗಿ ಕೂತು ಅವನ ಮದುವೆಯೂಟವನ್ನು ಸೊರ್ರೆಂದು ಕುಡಿಯುತ್ತಿತ್ತು. ಪಾರಮ್ಮ ಅವನಿಗೂ ಒಂದು ಬಟ್ಟಲು ತಂದಿಟ್ಟಳು. ಗಾದೆಪ್ಪ ಕಾಲು ಚಾಚಿಕೊಂಡು ಕುಡಿದ.

ಉಪ್ಪು ಕಡಿಮೆಯಾಗಿತ್ತು.