ಕಣ್ಣು ಕಲಿತ ಕತ್ತರಿ

ಎಲ್ಲಕ್ಕೂ ಕಾರಣ ಒಂದು ನೊಣ. ಅದನ್ನು ಹೊಡೆಯಲು ಹೋದ ಕಟಿಂಗ್ ಮೇಷ್ಟ್ರ ಕೈ ಇಸ್ತ್ರಿ ಮೇಜಿನ ಅಂಚಿಗೆ ಬಡಿಯಿತು. ನೊಣ ಹಾರಿಹೋಯಿತು, ಬಲ ಮಣಿಕಟ್ಟು ಮುರಿಯಿತು. ಇಪ್ಪತ್ತೆರಡು ವರ್ಷ ಬೇರೊಬ್ಬರ ನೆರಳೂ ಬೀಳದ ಅವರ ಕಟಿಂಗ್ ಮೇಜಿಗೆ ಟೈಲರ್ ಅಂಗಡಿಯ ಮಾಲೀಕರು ಮರುದಿನವೇ ಹೊಸಬನೊಬ್ಬನನ್ನು ತಂದು ನಿಲ್ಲಿಸಿದರು.

ಕಟ್ಟು ಹಾಕಿದ ಡಾಕ್ಟರು ಒಂದು ಮಾತು ಹೇಳಿದ್ದರು. ಮನೆಯಲ್ಲಿ ಕೂರಬೇಡಿ, ಕತ್ತರಿಸುವವರನ್ನು ದಿಟ್ಟಿಸಿ ನೋಡಿ, ಆಮೇಲೆ ಕಣ್ಣು ಮುಚ್ಚಿ ನೀವೇ ಕತ್ತರಿಸುತ್ತಿದ್ದೀರಿ ಅಂತ ನೆನೆಸಿಕೊಳ್ಳಿ. ಕೈ ಮಲಗಿದ್ದರೂ ಮಿದುಳಿನಲ್ಲಿ ಅದರ ಕೆಲಸ ನಡೆಯುತ್ತಲೇ ಇರುತ್ತೆ ಅಂತ.

ಮೇಷ್ಟ್ರು ಐವತ್ತು ದಿನ ಸ್ಟೂಲಿನ ಮೇಲೆ ಕೂತು ಹೊಸಬನ ಕೈಯನ್ನು ನುಂಗುವಂತೆ ನೋಡಿದರು. ಕಣ್ಣು ಮುಚ್ಚಿ ನೂರಾರು ಕೋಟು ಕತ್ತರಿಸಿದರು. ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವ ಅಕ್ಕ ಬಿಟ್ಟಾಳೆಯೇ? "ಮೇಷ್ಟ್ರೇ, ಊಟಾನೂ ಹೀಗೇ ನೆನೆಸಿಕೊಂಡುಬಿಡಿ. ಮನೇಲಿ ಅತ್ತಿಗೆಗೆ ಒಲೆ ಹಚ್ಚೋದು ತಪ್ಪುತ್ತೆ."

ಇವತ್ತು ಪರೀಕ್ಷೆ. ಮೇಷ್ಟ್ರ ಕೈಯೇ ಆಗಬೇಕು ಅಂತ ಹಟ ಹಿಡಿದು ಕಾದಿದ್ದ ವಕೀಲರ ಕೋಟಿನ ಬಟ್ಟೆ ಮೇಜಿನ ಮೇಲಿತ್ತು. ವಕೀಲರು ಒಪ್ಪಿದರೆ ಮೇಜು ಮೇಷ್ಟ್ರದು, ಇಲ್ಲದಿದ್ದರೆ ಹೊಸಬನದು ಅಂತ ಮಾಲೀಕರು ಮುಲಾಜಿಲ್ಲದೆ ಹೇಳಿದ್ದರು.

ಕಟ್ಟು ಬಿಚ್ಚಿದ ಕೈ ಸೊರಗಿದ ಸೌತೆಕಾಯಿಯಂತಿತ್ತು. ಸೀಮೆಸುಣ್ಣ ಎರಡು ಸಲ ಬಿತ್ತು. ಅಕ್ಕ ಸೂಜಿ ಹಿಡಿದಲ್ಲೇ ನಿಂತಳು. ಮೇಷ್ಟ್ರು ಕಣ್ಣು ಮುಚ್ಚಿ ತೆರೆದರು. ಕತ್ತರಿ ಹೊರಟಿತು ನೋಡಿ! ನೀರಿಗೆ ಬಿಟ್ಟ ಮೀನಿನ ಹಾಗೆ, ಎಲ್ಲೂ ತಡೆಯಿಲ್ಲ, ತೋಳಿನ ಸುತ್ತು ಒಂದೇ ಉಸಿರಿಗೆ ತಿರುಗಿತು. ಐವತ್ತು ದಿನ ಬೆರಳಾಡಿಸದ ಕೈ! ಮೇಷ್ಟ್ರಿಗೇ ಮೈ ಜುಮ್ಮೆಂದಿತು. ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಸಂಜೆ ಕಚ್ಚಾ ಹೊಲಿಗೆಯ ಕೋಟು ತೊಟ್ಟು ವಕೀಲರು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದರು.

"ಚೆನ್ನಾಗಿದೆ. ಆದ್ರೆ ಇದು ಹೊಸಬನ ಕೈ. ಹೋದ ತಿಂಗಳು ಇವನು ಕತ್ತರಿಸಿದ ನನ್ನ ಅಳಿಯನ ಕೋಟೂ ಥೇಟ್ ಹೀಗೇ ಇದೆ. ನನಗೇ ಮಂಕುಬೂದಿ ಎರಚ್ತೀರಾ?"

ಕತ್ತರಿಸಿದ್ದು ಮೇಷ್ಟ್ರೇ ಅಂತ ಎಲ್ಲರೂ ಆಣೆ ಮಾಡಿದರೂ ಅವರು ನಂಬಲಿಲ್ಲ. ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಕಾಗದ ಹಾಸಿ ತಮ್ಮ ಹಳೆಯ ರೀತಿಯಲ್ಲೇ ಕೋಟಿನ ಭುಜ ಕತ್ತರಿಸಹೋದರು. ಮತ್ತೆ ಹೊಸಬನ ಕೈಯದೇ ಬಂತು. ತಮ್ಮ ಕೈಯನ್ನು ನೆನೆಸಿಕೊಳ್ಳೋಣವೆಂದರೆ, ಇಪ್ಪತ್ತೆರಡು ವರ್ಷ ಅವರು ನೋಡಿದ್ದು ಬಟ್ಟೆಯನ್ನು. ತಮ್ಮ ಕೈಯನ್ನು ಒಂದು ದಿನವೂ ನೋಡಿರಲಿಲ್ಲ.

ಆಗ ಹೊಸಬ ತಲೆ ಕೆರೆದುಕೊಂಡ. "ಮೇಷ್ಟ್ರೇ, ನಾನು ಮೂರು ವರ್ಷ ಎದುರಿನ ಅಂಗಡೀಲಿದ್ದೆ. ಕಿಟಕಿಯಿಂದ ದಿನಾ ನಿಮ್ಮ ಕೈಯನ್ನೇ ನೋಡ್ತಿದ್ದೆ. ನಿಮ್ಮ ಹಾಗೇ ಕತ್ತರಿಸೋಕೆ ಬರುತ್ತೆ. ನಿಮಗೆ ಬೇಜಾರಾದೀತು ಅಂತ ಇಲ್ಲಿ ಮಾಡಿರಲಿಲ್ಲ, ಅಷ್ಟೇ."

ಅವನು ಕತ್ತರಿ ಎತ್ತಿ ಅದೇ ಕಾಗದದ ಇನ್ನೊಂದು ಮಗ್ಗುಲಲ್ಲಿ ಒಂದು ಭುಜ ಕತ್ತರಿಸಿದ. ವಕೀಲರು ಕೋಟು ಬಿಚ್ಚುತ್ತಿದ್ದವರು ನಿಂತೇಬಿಟ್ಟರು. "ಇದು! ಇದೇ ಮೇಷ್ಟ್ರ ಕೈ!"

ಮೇಷ್ಟ್ರು ಬಗ್ಗಿ ನೋಡಿದರು. ಎಷ್ಟು ಸೊಗಸಾಗಿತ್ತು! ತಾವು ಇಷ್ಟು ಚೆನ್ನಾಗಿ ಕತ್ತರಿಸುತ್ತಿದ್ದೆವೆಂದು ಅವರಿಗೆ ಗೊತ್ತಾದದ್ದೇ ಆಗ.

ಮಾಲೀಕರು ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದು, ಧೂಳು ಒರೆಸಿದರು. ಮೇಷ್ಟ್ರು ಕೂತರು.

"ನಿಧಾನವಾಗಿ ಕತ್ತರಿಸಪ್ಪ," ಅಂದರು, "ನನ್ನ ಕೈ ನನಗೆ ಸರಿಯಾಗಿ ಕಾಣಬೇಕು."