ನಮ್ಮ ಕಡೆ ಸರಿ ಇದೆ

ಕಷ್ಟ ಹೇಳಿಕೊಳ್ಳುವುದು ಎಲ್ಲರಿಗೂ ಬರುತ್ತದೆ. ಏನು ಕಷ್ಟ ಎಂದು ಹೇಳುವುದು ಮಾತ್ರ ಯಾರಿಗೂ ಬರುವುದಿಲ್ಲ. ಮೂರು ವರ್ಷದಿಂದ ಪರರ ಕಷ್ಟ ಕೇಳುವುದನ್ನೇ ಉದ್ಯೋಗ ಮಾಡಿಕೊಂಡಿರುವುದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕನ್ನಡಕದ ಅಂಗಡಿಯೊಂದರ ಮೇಲೆ ನಮ್ಮ ಪುಟ್ಟ ಸಾಫ್ಟ್‌ವೇರ್ ಕಚೇರಿ ಇದೆ. ಸಣ್ಣ ಕ್ಲಿನಿಕ್‌ಗಳಲ್ಲಿ ರೋಗಿಗಳಿಗೆ ಟೋಕನ್ ಕೊಡುವ ಆ್ಯಪ್ ನಮ್ಮದು. ಅದನ್ನು ಮಾಡುವವನು ಸುಹಾಸ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದಿ ಬಂದವನು. ಅದಕ್ಕಾಗಿ ಬೈಸಿಕೊಳ್ಳುವವನು ನಾನು. ನನ್ನ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ, ಕನ್ನಡದಲ್ಲಿ ಇಷ್ಟೇ. ಕ್ಲಿನಿಕ್‌ನವರೆಲ್ಲ ಇರುವ ಚಾಟ್ ಗ್ರೂಪಿಗೆ ಬಂದ ದೂರನ್ನು ನಾನು ಸುಹಾಸನಿಗೆ ದಾಟಿಸಬೇಕು, ಅವನು ಹೇಳಿದ್ದನ್ನು ಅವರಿಗೆ ದಾಟಿಸಬೇಕು. ಅವನು ಹೇಳುವುದು ಸಾಮಾನ್ಯವಾಗಿ ನಾಲ್ಕೇ ಪದ: "ನಮ್ಮ ಕಡೆ ಸರಿ ಇದೆ."

ದೂರುಗಳು ಬರುವ ರೀತಿಯನ್ನು ನೀವು ನೋಡಬೇಕು. ಬೆಳಿಗ್ಗೆ ಒಂಬತ್ತಕ್ಕೆ 'ಸರ್' ಎಂದು ಬರುತ್ತದೆ. ಅಷ್ಟೇ. ನಾನು 'ಹೇಳಿ ಸರ್' ಎಂದು ಬರೆದು ಕಾಯುತ್ತೇನೆ. ಊಟದ ಹೊತ್ತಿಗೆ 'ಆಗ್ತಿಲ್ಲ' ಎಂದು ಬರುತ್ತದೆ. ಏನು ಆಗ್ತಿಲ್ಲ ಎಂದು ಕೇಳಿದರೆ 'ಆ್ಯಪ್'. ಸ್ಕ್ರೀನ್‌ಶಾಟ್ ಕಳಿಸಿ ಎಂದರೆ ಕಂಪ್ಯೂಟರಿನ ಮುಂದೆ ನಿಂತು ಫೋನಿನಲ್ಲಿ ಫೋಟೋ ಹೊಡೆದು ಕಳಿಸುತ್ತಾರೆ. ಅದರಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆ, ತೆಗೆದವರ ಹಣೆ ಕಾಣುತ್ತದೆ, ಪಕ್ಕದ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂಬುದೂ ಕಾಣುತ್ತದೆ. ತೊಂದರೆ ಕಾಣುವುದಿಲ್ಲ. ಬೇಸತ್ತು ಒಮ್ಮೆ ಗ್ರೂಪಿನ ನೆತ್ತಿಗೆ ನಾಲ್ಕು ಪ್ರಶ್ನೆ ಅಂಟಿಸಿದೆ: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಎಷ್ಟು ಸಲ ಆಯಿತು. ಇಷ್ಟು ಬರೆದರೆ ಸಾಕು, ಮಿಕ್ಕದ್ದು ನಮ್ಮ ಕೆಲಸ ಎಂದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಮರುದಿನ ಸಾಗರದ ರಸ್ತೆಯ ದಂತವೈದ್ಯರು ನಾಲ್ಕಕ್ಕೂ ಉತ್ತರ ಕೊಟ್ಟರು: 'ಒಂದು, ಹೌದು. ಎರಡು, ಹೌದು. ಮೂರು, ಇಲ್ಲ. ನಾಲ್ಕು, ಸ್ವಲ್ಪ ಬೇಗ ನೋಡಿ.'

ಕಷ್ಟಪಟ್ಟು ತೊಂದರೆಯ ಜಾಡು ಹಿಡಿದರೂ ಸುಹಾಸನ ಮುಂದೆ ಅದು ಬರುವುದಿಲ್ಲ. ತ್ಯಾವರೆಕೊಪ್ಪದ ಹುಲಿ ಸಫಾರಿಗೆ ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗುವ ಹೊಣೆ ನನ್ನದು. ಹೋದಾಗಲೆಲ್ಲ ವ್ಯಾನಿನ ಡ್ರೈವರು "ಈಗ ತಾನೇ ಇಲ್ಲೇ ಮಲಗಿತ್ತು ಸಾರ್" ಎಂದು ಒಂದು ಖಾಲಿ ಪೊದೆ ತೋರಿಸುತ್ತಾನೆ. ನೆಂಟರು ನನ್ನ ಮುಖ ನೋಡುತ್ತಾರೆ, ಹುಲಿಯನ್ನು ನಾನೇ ಎಬ್ಬಿಸಿ ಕಳಿಸಿದೆನೇನೋ ಎಂಬಂತೆ. ಕಚೇರಿಯಲ್ಲಿ ನಾನು ಆ ಡ್ರೈವರು, ಸುಹಾಸ ಆ ನೆಂಟ.

ಇನ್ನು ನನ್ನ ದೋಷಕ್ಕೆ ಬರುತ್ತೇನೆ. ಬೇರೆಯವರ ದನಿ ತೆಗೆಯುವುದು ನನಗೆ ಸಣ್ಣಂದಿನಿಂದ ಅಂಟಿದ ಚಟ. ಏಳನೇ ತರಗತಿಯಲ್ಲಿ ಗಣಿತದ ಮೇಷ್ಟ್ರ ದನಿಯಲ್ಲಿ "ಸೈಲೆನ್ಸ್" ಎಂದು ಇಡೀ ತರಗತಿಯನ್ನು ಕೂರಿಸಿದ್ದೆ; ಹಿಂದೆ ನಿಂತಿದ್ದ ಮೇಷ್ಟ್ರು ಮೆಚ್ಚಿಕೊಂಡು ಎರಡು ಕೊಟ್ಟಿದ್ದರು. ಸುಹಾಸನೋ, ಧ್ವನಿ ಸಂದೇಶ ಕೇಳುವುದೆಂದರೆ ಮಾರು ದೂರ. "ನೀನೇ ಕೇಳಿ ಹೇಳೋ ಮಾರಾಯ" ಎನ್ನುತ್ತಾನೆ. ಹಾಗಾಗಿ ಮಧ್ಯಾಹ್ನದ ಟೀ ಹೊತ್ತಿನಲ್ಲಿ ದಿನದ ದೂರುಗಳನ್ನು ಆಯಾ ದನಿಯಲ್ಲೇ ಅವನಿಗೆ ಒಪ್ಪಿಸುವುದು ನಮ್ಮ ಕಚೇರಿಯ ಪದ್ಧತಿಯಾಯಿತು. ಅವನು ನಗುತ್ತಿದ್ದ. ನನಗೂ ಬೇಸರ ಕಳೆಯುತ್ತಿತ್ತು. ಕೆಲಸವೂ ಆಗುತ್ತಿದೆ ಎಂದು ಇಬ್ಬರೂ ನಂಬಿದ್ದೆವು.

ಈ ಟೀ ಹೊತ್ತಿನ ಮುಖ್ಯ ಪಾತ್ರ ಪ್ರಭಾವತಿ ಮೇಡಂ. ಭದ್ರಾವತಿಯ ಕಾಗದನಗರದ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಹನ್ನೊಂದು ವರ್ಷದಿಂದ ರೋಗಿಗಳ ಹೆಸರು ಬರೆದುಕೊಳ್ಳುವವರು ಅವರು. ಮೊದಲು ನೋಟ್‌ಬುಕ್ಕಿನಲ್ಲಿ, ಈಗ ನಮ್ಮ ಆ್ಯಪಿನಲ್ಲಿ. ಅವರ ಧ್ವನಿ ಸಂದೇಶ ಎರಡು ನಿಮಿಷ ನಲವತ್ತು ಸೆಕೆಂಡಿಗೆ ಕಡಿಮೆ ಬಂದದ್ದಿಲ್ಲ. "ಹಲೋ, ನಾನು ಪ್ರಭಾವತಿ. ತಿಂಡಿ ಆಯ್ತಾ? ಅದೇನಪ್ಪಾ ಅಂದ್ರೆ, ನಿಮಗೆ ತೊಂದ್ರೆ ಕೊಡ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಅದೇನಪ್ಪಾ ಅಂದ್ರೆ, ನೀವೂ ಪಾಪ ಎಷ್ಟು ಜನಕ್ಕೆ ಅಂತ ಹೇಳ್ತೀರಿ..." ನಡುವೆ ಅವರ ತಲೆಯ ಮೇಲಿನ ಫ್ಯಾನು ಕಿರ್ರ್ ಟಕ್, ಕಿರ್ರ್ ಟಕ್ ಎನ್ನುತ್ತದೆ. ನಡುವೆ "ಹತ್ತನೇ ನಂಬರ್ ಬನ್ನಿ" ಎಂದು ಕೂಗುತ್ತಾರೆ. ನಾನು ಫ್ಯಾನಿನ ಸಮೇತ ಮಾಡಿ ತೋರಿಸುತ್ತಿದ್ದೆ. ಒಂದು ನಿಮಿಷದಷ್ಟು ಕೇಳಿದರೆ ನನಗೆ ಬೇಕಾದ ಸರಕು ಸಿಕ್ಕಿಬಿಡುತ್ತಿತ್ತು. ಮುಂದಿನದನ್ನು ಕೇಳುವ ಅಗತ್ಯ ಕಂಡಿರಲಿಲ್ಲ. ಈಚೆಗೆ ವಾರಕ್ಕೊಂದರಂತೆ ಅವರು ಕಳಿಸುತ್ತಿದ್ದ ದೂರಿನ ಸಾರಾಂಶವಾಗಿ ನಾನು ಸುಹಾಸನಿಗೆ ಹೇಳಿದ್ದು ಇಷ್ಟು: ಕೆಲವರ ಹೆಸರು ಮಾಯವಾಗುತ್ತದಂತೆ. ಅವನು ತನ್ನ ಹೆಸರು ಹಾಕಿ ನೋಡಿದ, ನನ್ನ ಹೆಸರು ಹಾಕಿ ನೋಡಿದ. ನಾವಿಬ್ಬರೂ ಮಾಯವಾಗಲಿಲ್ಲ. ನಮ್ಮ ಕಡೆ ಸರಿ ಇದೆ ಎಂದು ಬರೆದೆ.

ಮೂರನೇ ವಾರ ಗ್ರೂಪಿನಲ್ಲಿ ಆ ಕ್ಲಿನಿಕ್‌ನ ಡಾಕ್ಟರೇ ಬರೆದರು: 'ಗಂಟೆಗಟ್ಟಲೆ ಕಾದ ರೋಗಿಗಳ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಇದು ಆ್ಯಪಿನ ತಪ್ಪೋ ಪ್ರಭಾವತಿಯವರ ತಪ್ಪೋ ಶನಿವಾರದೊಳಗೆ ತಿಳಿಸಿ. ಅವರದ್ದಾದರೆ ಆ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.' ಅದನ್ನು ಓದಿ ನನಗೆ ಟೀ ಸೇರಲಿಲ್ಲ. ನಾಲ್ಕು ಪದ ಟೈಪ್ ಮಾಡಿದರೆ ಒಬ್ಬರ ಕೆಲಸ ಹೋಗುತ್ತಿತ್ತು, ಆ ಪದಗಳು ನನ್ನ ಫೋನಿನಲ್ಲಿ ಮೊದಲ ಅಕ್ಷರ ಒತ್ತಿದರೆ ತಾವಾಗಿಯೇ ಬರುತ್ತಿದ್ದವು. ಶುಕ್ರವಾರ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆ.

ಪ್ರಭಾವತಿ ಮೇಡಂ ನಾನು ದನಿಯಲ್ಲಿ ಕಟ್ಟಿಕೊಂಡಿದ್ದಕ್ಕಿಂತ ಸಣ್ಣ ಆಳು. ತಿಂಡಿ ಆಯ್ತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಡಬ್ಬಿಯಿಂದ ಎರಡು ಚಕ್ಕುಲಿ ತೆಗೆದು ಮುಂದಿಟ್ಟರು. "ಇಲ್ಲೇ ಕೂತ್ಕೊಂಡು ನೋಡಪ್ಪ" ಎಂದರು. ಅಷ್ಟರಲ್ಲಿ ಕಾಗದ ಕಾರ್ಖಾನೆಯ ಕ್ವಾರ್ಟರ್ಸ್ ಕಡೆಯಿಂದ ಮುನಿಯಮ್ಮ ಎಂಬ ಅಜ್ಜಿ ಸೊಸೆ ಸೆಲ್ವಿಯ ಜೊತೆ ಬಂದರು. ಅಜ್ಜಿಗೆ ಮಂಡಿನೋವು, ಸೊಸೆಗೆ ಕೆಮ್ಮು. ಮೇಡಂ ಅಜ್ಜಿಯ ಹೆಸರು ಹಾಕಿ ಫೋನ್ ನಂಬರ್ ಕೇಳಿದರು. ಸೊಸೆ ಹೇಳಿದಳು. ಆಮೇಲೆ ಸೊಸೆಯ ಹೆಸರು ಹಾಕಿದರು. ನಂಬರ್ ಅದೇ. ಒತ್ತಿದ ಕೂಡಲೇ ಸೆಲ್ವಿ ಬಂದಳು, ಮುನಿಯಮ್ಮ ಪಟ್ಟಿಯಿಂದ ಹೋದರು.

"ನೋಡಿದ್ಯಾ" ಎಂದರು ಮೇಡಂ. "ಇಲ್ಲಿ ಒಂದು ಮನೆಗೆ ಒಂದೇ ನಂಬರ್ ಕೊಡೋದು. ಯಾರು ಫೋನ್ ಎತ್ತುತ್ತಾರೋ ಅವರದ್ದು. ಎರಡನೆಯವರನ್ನ ಹಾಕಿದ್ರೆ ಮೊದಲನೆಯವರು ಹೋಗ್ತಾರೆ. ಮೂರು ಸಲ ಹೇಳಿದೀನಲ್ಲ. ಕೇಳಲಿಲ್ವಾ?"

"ಕೇಳಿದೆ ಮೇಡಂ."

"ಪೂರ್ತಿ?"

ನಾನು ಚಕ್ಕುಲಿ ಕಡಿದೆ. ಸುಹಾಸನ ಮನೆಯಲ್ಲಿ ಐದು ಜನಕ್ಕೆ ಆರು ಫೋನು. ಒಬ್ಬರಿಗೊಂದು ನಂಬರ್ ಇರುತ್ತದೆಂದು ಅವನು ಆ್ಯಪ್ ಕಟ್ಟಿದ್ದ. ಅವನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ, "ನೀವೇ ಹೇಳಿಬಿಡಿ ಮೇಡಂ" ಎಂದೆ. ಅವರು ಹತ್ತಿರ ಬಾಗಿ, ಅಭ್ಯಾಸದಂತೆ, "ಹಲೋ, ನಾನು ಪ್ರಭಾವತಿ. ತಿಂಡಿ ಆಯ್ತಾ? ಅದೇನಪ್ಪಾ ಅಂದ್ರೆ..." ಎಂದು ಶುರು ಮಾಡಿದರು.

"ಸಾಕು ನಿಲ್ಸೋ ಮಾರಾಯ" ಎಂದ ಸುಹಾಸ, ಅತ್ತ ಕಡೆಯಿಂದ, ಬಾಯಿತುಂಬ ಏನೋ ತಿನ್ನುತ್ತ. "ಇವತ್ತು ಪ್ರಭಾವತಿ ಅಷ್ಟು ಚೆನ್ನಾಗಿ ಬರ್ತಿಲ್ಲ. ಫ್ಯಾನ್ ಒಂದು ಪರವಾಗಿಲ್ಲ."

ಕಾಯುತ್ತಿದ್ದ ಹತ್ತು ಹನ್ನೆರಡು ರೋಗಿಗಳು ಕೆಮ್ಮುವುದನ್ನೂ ಮರೆತರು. ಮೇಡಂ ಫೋನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಫೋನ್ ಎತ್ತಿಕೊಂಡು ನನ್ನದೇ ದನಿಯಲ್ಲಿ ಸುಹಾಸನಿಗೆ ವಿಷಯ ಹೇಳಿದೆ. ಆ ದನಿ ನನಗೇ ಅಷ್ಟಾಗಿ ಪರಿಚಯವಿರಲಿಲ್ಲ. ಅವನು "ಅರ್ಧ ಗಂಟೆ ಕೊಡು" ಎಂದು ಇಟ್ಟ.

"ಮಾಡು ನೋಡೋಣ" ಎಂದರು ಮೇಡಂ.

"ಬೇಡ ಮೇಡಂ."

"ಅವನಿಗೆ ದಿನಾ ಮಾಡಿ ತೋರಿಸ್ತೀಯ. ನನ್ನದು ನನಗೊಂದ್ಸಲ ಮಾಡು."

ಮಾಡಿದೆ. ತಿಂಡಿ ಆಯ್ತಾದಿಂದ ಹತ್ತನೇ ನಂಬರಿನವರೆಗೆ, ಕಿರ್ರ್ ಟಕ್ ಸಮೇತ. ಮುನಿಯಮ್ಮಜ್ಜಿ ಮಂಡಿ ಹಿಡಿದುಕೊಂಡು ನಕ್ಕರು. ಮೇಡಂ ಮಾತ್ರ ರೋಗಿಯ ಹಳೇ ಚೀಟಿ ಓದುವವರ ಹಾಗೆ ಗಮನವಿಟ್ಟು ಕೇಳಿದರು. ಮುಗಿದ ಮೇಲೆ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದರು: "ಚೆನ್ನಾಗಿ ಮಾಡ್ತೀಯ. ನಾನು ಹೇಳಿದ್ದೊಂದು ಬಿಟ್ಟು ಎಲ್ಲಾ ಇದೆ."

ಬಸ್ಸಿನಲ್ಲಿ ವಾಪಸು ಬರುವಾಗ ಈ ಬಗ್ಗೆ ಅವರು ಕಳಿಸಿದ್ದ ಮೂರೂ ಸಂದೇಶಗಳನ್ನು ಕೊನೆಯವರೆಗೆ ಕೇಳಿದೆ. ಮೂರರಲ್ಲೂ ಎರಡನೇ ನಿಮಿಷ ದಾಟಿದ ಮೇಲೆ, ಯಾರೂ ಹೇಳಿಕೊಡದೆ, ನನ್ನ ನಾಲ್ಕು ಪ್ರಶ್ನೆಗಳಿಗೂ ಉತ್ತರವಿತ್ತು. ಅಷ್ಟರಲ್ಲಿ ಸುಹಾಸ ಸರಿಮಾಡಿದ್ದ. ತಪ್ಪು ಆ್ಯಪಿನದು, ಮೇಡಂ ಮೊದಲ ವಾರವೇ ಸರಿಯಾಗಿ ತಿಳಿಸಿದ್ದರು, ನಾನು ಕೇಳಿರಲಿಲ್ಲ ಎಂದು ಗ್ರೂಪಿನಲ್ಲೇ ಬರೆದೆ. ಡಾಕ್ಟರು ಹೆಬ್ಬೆರಳು ಎತ್ತಿದರು. ಪ್ರಭಾವತಿ ಮೇಡಂ ಅದೇ ಫ್ಯಾನಿನ ಕೆಳಗೆ ಅದೇ ಕುರ್ಚಿಯಲ್ಲಿ ಉಳಿದರು.

ಈಗ ನಾನು ಎಲ್ಲರ ಧ್ವನಿ ಸಂದೇಶವನ್ನೂ ಕೊನೆಯವರೆಗೆ ಕೇಳುತ್ತೇನೆ. ಬಹುಪಾಲು ಸಂದೇಶಗಳ ಕೊನೆಯಲ್ಲಿ ಏನೂ ಇರುವುದಿಲ್ಲ. ರೆಕಾರ್ಡಿಂಗ್ ನಿಂತಿದೆಯೆಂದುಕೊಂಡು ಯಾರೋ ಮನೆಗೆ ಕೊತ್ತಂಬರಿ ಸೊಪ್ಪು ತರಬೇಕೋ ಬೇಡವೋ ಎಂದು ವಿಚಾರಿಸುತ್ತಿರುತ್ತಾರೆ. ಮೇಡಂ ಮಾತ್ರ ಧ್ವನಿ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ಸೋಮವಾರ ಗ್ರೂಪಿನಲ್ಲಿ ಅವರಿಂದ ಮೊದಲ ಲಿಖಿತ ದೂರು ಬಂತು. ಏನು ಮಾಡಿದೆ: ತೊಂದರೆ ಹೇಳಿದೆ. ಏನಾಗಬೇಕಿತ್ತು: ಕೇಳಬೇಕಿತ್ತು. ಏನಾಯಿತು: ನನ್ನ ಹಾಗೆ ಮಾತಾಡಿ ತೋರಿಸಿದ. ಎಷ್ಟು ಸಲ: ಮೂರು.

ಸುಹಾಸ ಅದನ್ನು ಎರಡು ಸಲ ಓದಿ, ಇಷ್ಟು ಸ್ಪಷ್ಟವಾದ ದೂರು ಈ ಗ್ರೂಪಿಗೆ ಬಂದೇ ಇಲ್ಲ ಎಂದ. ಉತ್ತರಿಸಬೇಕಾದವನು ನಾನು. ಮೊದಲ ಅಕ್ಷರ ಒತ್ತಿದೆ. ಫೋನು ತಾನಾಗಿಯೇ 'ನಮ್ಮ ಕಡೆ ಸರಿ ಇದೆ' ಎಂದು ತೋರಿಸಿತು. ಒಂದೊಂದೇ ಪದ ಅಳಿಸುತ್ತ ಕೂತೆ.