ಎರಡೇ ಕಿಂಡಿಯ ಬೂದು ಡಬ್ಬಿಗೆ

ಲೈಪ್‌ಝಿಗ್, ಸೆಪ್ಟೆಂಬರ್ ಕೊನೆಯ ಗುರುವಾರ

ನನ್ನ ಅಡುಗೆಮನೆಯ ಮೇಜಿನ ಮೇಲೆ, ಸಕ್ಕರೆ ಭರಣಿಯ ಪಕ್ಕದಲ್ಲಿ ವಿರಾಜಮಾನರಾಗಿರುವ ಮಾನ್ಯ ಆಡಿಯೊ ಇಂಟರ್‌ಫೇಸ್ ಅವರೇ,

ಸವಿನಯ ವಂದನೆಗಳು. ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವುದೊಂದೇ ತಮ್ಮ ಉದ್ಯೋಗವೆಂದು ತಮ್ಮ ಪೆಟ್ಟಿಗೆಯ ಮೇಲೆ ಒಂಬತ್ತು ಭಾಷೆಗಳಲ್ಲಿ ಮುದ್ರಿತವಾಗಿದೆ. ಕಳೆದ ಶನಿವಾರ ತಾವು ಆ ಉದ್ಯೋಗಕ್ಕೆ ರಜೆ ಹಾಕಿದ್ದನ್ನು, ಅದೂ ದೀಪ ಉರಿಸಿಕೊಂಡೇ ಹಾಕಿದ್ದನ್ನು, ತಮ್ಮ ಗಮನಕ್ಕೆ ತರಲು ಈ ಪತ್ರ. ತಮ್ಮಂಥ ಅಗ್ಗದ ಸಂತತಿಯನ್ನು ನಂಬಿ ಪ್ರತಿಧ್ವನಿ ತಡೆಯಲೆಂದು ಬಟ್ಟೆಯ ಕಪಾಟಿಗೆ ಮುಖವಿಟ್ಟು ಹಾಡುವ ಇತರರೂ ಓದಲೆಂದು ಇದನ್ನು ಬಹಿರಂಗಪಡಿಸುತ್ತಿದ್ದೇನೆ.

ಅಂದು ಹೆನ್ರಿಕೆ ಬಂದಿದ್ದಳು. ಹತ್ತೊಂಬತ್ತು ವರ್ಷಗಳ ಹಿಂದೆ ನಾವಿಬ್ಬರೂ ಜೋಡಿಯಾಗಿ ಹಾಡುತ್ತಿದ್ದೆವು. ಒಮ್ಮೆ ವೇದಿಕೆಯಿಂದ ಇಳಿದವಳೇ, "ನನ್ನ ಸಾಲು ಮುಗಿಯೋಕ್ಕೆ ಮುಂಚೆ ನೀನು ಶುರು ಮಾಡ್ತೀಯ. ಹಾಡಲ್ಲೂ ಅಷ್ಟೇ, ಮಾತಲ್ಲೂ ಅಷ್ಟೇ," ಎಂದು ಹೇಳಿ ತನ್ನ ಪಾಡಿಗೆ ರೋಸ್ಟಾಕ್ ನಗರಕ್ಕೆ ಹೊರಟುಹೋದಳು. ಆ ಆರೋಪ ನನಗೆ ಅರ್ಥವಾಗಿರಲಿಲ್ಲ. ಬಹುಶಃ ಅದು ಮುಗಿಯುವ ಮುಂಚೆಯೇ ನಾನು ಉತ್ತರ ಕೊಟ್ಟಿದ್ದೆ. ಈಗ ಅವಳೇ ಬರೆದ ಹಾಡೊಂದನ್ನು ವಾದ್ಯವಿಲ್ಲದೆ, ಎರಡು ದನಿಯಲ್ಲಿ ಹಾಡೋಣವೆಂದು ನಾನು ಮೂರು ಸಲ ಪತ್ರ ಬರೆದ ಮೇಲೆ ಒಪ್ಪಿದ್ದಳು. "ಒಂದೇ ಸಲ ಹಾಡ್ತೀನಿ ಎಕಾರ್ಟ್. ಸರಿ ಬಂದ್ರೆ ಮುಂದಿಂದು ನೋಡೋಣ. ಬರ್ಲಿಲ್ವೋ, ನನ್ನ ರೈಲು ನಾಲ್ಕು ಹನ್ನೆರಡಕ್ಕೆ."

ತಮಗೆ ತಿಳಿದಿರುವಂತೆ ಮಧ್ಯಾಹ್ನ ಒಂದರಿಂದ ಮೂರರವರೆಗೆ ನಮ್ಮ ಕಟ್ಟಡದಲ್ಲಿ ಯಾರೂ ಸದ್ದು ಮಾಡಬಾರದೆಂಬ ನಿಯಮವಿದೆ. ಎರಡೂವರೆಗೆ ನಾವು ಗಂಟಲು ಸರಿಪಡಿಸಿಕೊಂಡದ್ದೇ ತಡ, ಕೆಳಮನೆಯ ಮಹಿಳೆ ಫ್ರೌ ಊಲಿಗ್ ಒಂದು ಕೈಯಲ್ಲಿ ಪ್ಲಮ್ ಕೇಕನ್ನೂ ಕಂಕುಳಲ್ಲಿ ಒಟ್ಟೊ ಎಂಬ ನಾಯಿಯನ್ನೂ ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷರಾದರು. "ಇನ್ನೂ ಅರ್ಧ ಗಂಟೆ ಇದೆ, ಹೆರ್ ಟೀಮನ್. ನಾನು ಇಲ್ಲೇ ಕೂತಿರ್ತೀನಿ, ನಿಮಗ್ಯಾಕೆ ಗಡಿಯಾರ ನೋಡೋ ಕಷ್ಟ." ಹಾಗೆಂದು ಅಡುಗೆಮನೆಯಲ್ಲಿ, ತಮ್ಮ ಎದುರಿಗೇ, ಕುಳಿತರು.

ಲ್ಯಾಪ್‌ಟಾಪಿನ ಫ್ಯಾನಿನ ಸದ್ದು ಹಾಡಿಗೆ ಸೇರಬಾರದೆಂದು ಅದನ್ನೂ ತಮ್ಮನ್ನೂ ಅಡುಗೆಮನೆಯಲ್ಲೇ ಇರಿಸಿ, ಉದ್ದನೆಯ ತಂತಿಗಳನ್ನು ಹೊರಗಿನ ಕಾರಿಡಾರಿನವರೆಗೆ ಎಳೆದು, ಚಳಿಗಾಲದ ಕೋಟುಗಳು ತೂಗುವ ಕಪಾಟಿನಲ್ಲಿ ಎರಡು ಮೈಕು ನಿಲ್ಲಿಸಿದ್ದೆ. ಮೂರು ಹೊಡೆಯಿತು. ಅವಸರದಲ್ಲಿ ನನ್ನ ಮೊಣಕೈ ತಮ್ಮನ್ನು ಲ್ಯಾಪ್‌ಟಾಪಿಗೆ ಜೋಡಿಸಿದ್ದ ತಂತಿಗೆ ತಾಗಿ, ತಾವು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಿರಿ. ಆ ಒಂದು ಕ್ಷಣದಲ್ಲಿ ಲ್ಯಾಪ್‌ಟಾಪು ತಮ್ಮ ಸಖ್ಯ ತೊರೆದು, ತನ್ನದೇ ಹಣೆಯಲ್ಲಿರುವ ಸೂಜಿಮೊನೆಯಷ್ಟು ಮೈಕನ್ನು ನೆಚ್ಚಿಕೊಂಡಿತು. ನಾನು ನೋಡದೆ ರೆಕಾರ್ಡಿಂಗ್ ಗುಂಡಿ ಒತ್ತಿ ಕಾರಿಡಾರಿಗೆ ಓಡಿದೆ. ತಾವು ಹೇಳಲಿಲ್ಲ. ಬದಲಿಗೆ ಎರಡೂ ಹಸಿರು ಉಂಗುರಗಳನ್ನು ಬೆಳಗಿಸಿ, ನಮ್ಮ ದನಿಯನ್ನು ಎಲ್ಲಿಗೂ ದಾಟಿಸದೆ, ಹೆಡ್‌ಫೋನಿನ ಮೂಲಕ ನೇರವಾಗಿ ನಮಗೇ ಮರಳಿಸುತ್ತ ಕುಳಿತಿರಿ. ನನ್ನ ಮೈಕು ಚುಚ್ಚಿದ್ದ ಕಿಂಡಿಯ ದನಿ ಏರಿಸುವ ಗುಂಡಿಯನ್ನು ಉಂಗುರ ಕೆಂಪಾಗುವ ಅಂಚಿನವರೆಗೆ ತಿರುಗಿಸಿದ್ದರಿಂದ ನನಗೆ ಬಹುಮಟ್ಟಿಗೆ ನನ್ನ ದನಿಯೇ ಕೇಳುತ್ತಿತ್ತು. ಅದ್ಭುತವಾಗಿ ಕೇಳುತ್ತಿತ್ತು. ಇಂಥ ನಿಷ್ಠಾವಂತ ಮುಖಸ್ತುತಿಯನ್ನು ನಾನು ಯಾವ ಮನುಷ್ಯನಿಂದಲೂ ಪಡೆದಿಲ್ಲ.

ಹಾಡು ಮುಗಿದದ್ದೇ ಹೆನ್ರಿಕೆ ಕೋಟು ಹಾಕಿಕೊಂಡು ರೈಲಿಗೆ ಹೋದಳು. ನಾನು ರೆಕಾರ್ಡಿಂಗ್ ಕೇಳಲು ಕುಳಿತೆ.

ಎಲ್ಲೋ ದೂರದಲ್ಲಿ, ಉಣ್ಣೆಯ ಕೋಟುಗಳ ಆಚೆ, ಇಬ್ಬರು ಹಾಡುತ್ತಿದ್ದರು. ಹತ್ತಿರದಲ್ಲಿ ತಟ್ಟೆಗೆ ಫೋರ್ಕು ತಾಗುವ ಸದ್ದು, ಒಟ್ಟೊನ ಏದುಸಿರು, ಮತ್ತು ಫ್ರೌ ಊಲಿಗ್ ಅವನಿಗೆ ಹೇಳಿದ ಮಾತು: "ಹೆಂಗಸು ಚೆನ್ನಾಗೇ ಹಾಡ್ತಾಳೆ ಕಣೋ. ಈ ಟೀಮನ್ ಅವಳಿಗೆ ಉಸಿರಾಡೋಕೂ ಬಿಡಲ್ಲ ನೋಡು. ತಾಳಪ್ಪ, ಅವಳದ್ದು ಮುಗೀಲಿ... ಇಲ್ಲ, ಬಂದೇ ಬಿಟ್ಟ." ಮೂರನೆಯ ಚರಣದ ಹೊತ್ತಿಗೆ ಫ್ರೌ ಊಲಿಗ್ ತಾವೇ ಮೆಲ್ಲಗೆ ದನಿಗೂಡಿಸಿದ್ದರು. ಪದಗಳಿಲ್ಲ, ಬರೀ ಗುನುಗು. ಪ್ರತಿ ಸಲವೂ ಹೆನ್ರಿಕೆಯ ಸಾಲು ಪೂರ್ತಿ ನಿಲ್ಲುವವರೆಗೆ ಕಾದು, ಆಮೇಲೆ. ಅಷ್ಟು ಸಣ್ಣ ಬಿಡುವು. ಅಲ್ಲಿ ಒಂದು ಬಿಡುವಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಮುಂದಿನ ಅವತಾರದಲ್ಲಿ ದನಿ ಜೋರಾದಾಗ ಮಾತ್ರವಲ್ಲದೆ, ಎದುರಿನವರನ್ನು ಕೇಳಿಸಿಕೊಳ್ಳದಿದ್ದಾಗಲೂ ಉಂಗುರ ಕೆಂಪಾಗುವಂತೆ ಏರ್ಪಾಡು ಮಾಡಬೇಕೆಂದು ಪ್ರಾರ್ಥನೆ. ಸಾಧ್ಯವಾದರೆ ಹತ್ತೊಂಬತ್ತು ವರ್ಷ ಹಿಂದಿನಿಂದ ಜಾರಿಗೆ ಬರುವಂತೆ. ಅದು ಕಷ್ಟವಾದರೆ ಫ್ರೌ ಊಲಿಗ್ ಅವರನ್ನು ತಮ್ಮ ಪೆಟ್ಟಿಗೆಯಲ್ಲೇ ಹಾಕಿ ಕಳಿಸಬಹುದು. ಕೇಕು ಅವರೇ ತರುತ್ತಾರೆ.

ಆ ಕಡತವನ್ನು ಒಂದು ಸದ್ದನ್ನೂ ಕತ್ತರಿಸದೆ ಹೆನ್ರಿಕೆಗೆ ಕಳಿಸಿದೆ. ಎರಡು ದಿನ ಏನೂ ಇಲ್ಲ. ನಾನೂ ಮತ್ತೆ ಬರೆಯಲಿಲ್ಲ; ಅದು ನನಗೆ ಹೊಸದು. ನಿನ್ನೆ ಉತ್ತರ ಬಂತು: "ಆ ಹೆಂಗಸನ್ನ ಆ ಕಾಲದಲ್ಲೇ ನಮ್ಮ ಜೊತೆ ವೇದಿಕೆಗೆ ಕರ್ಕೊಂಡು ಹೋಗ್ಬೇಕಿತ್ತು ಕಣೋ. ಶನಿವಾರ ಬರ್ತೀನಿ."

ಹಸಿರು ದೀಪವನ್ನು ಇನ್ನೆಂದೂ ನಂಬದ,
ತಮ್ಮ ವಿಶ್ವಾಸಿ,
ಎಕಾರ್ಟ್ ಟೀಮನ್

ಮರೆತ ಮಾತು: ತಮ್ಮ ಕಂಪನಿಯವರು ನಾಲ್ಕು ಕಿಂಡಿಯ ತಮ್ಮ ಅಣ್ಣನನ್ನು ಕೊಳ್ಳಿರೆಂದು ದಿನಾ ಪತ್ರ ಹಾಕುತ್ತಿದ್ದಾರೆ. ದಯವಿಟ್ಟು ಬೇಡವೆನ್ನಿ. ಶನಿವಾರ ಮೂರಕ್ಕೆ ಒಂದು ಕಿಂಡಿ ಹೆನ್ರಿಕೆಗೆ, ಇನ್ನೊಂದು ಫ್ರೌ ಊಲಿಗ್‌ಗೆ. ನನಗೆ ಒಟ್ಟೊನನ್ನು ಸುಮ್ಮನಿರಿಸುವ ಕೆಲಸ. ಅವನು ನನಗಿಂತ ಬೇಗ ಕಲಿಯುತ್ತಾನೆಂದು ಇಬ್ಬರೂ ಭರವಸೆ ಕೊಟ್ಟಿದ್ದಾರೆ.